ನಮ್ಮ ಮನೆ ರುಮೇನಿಯಾದಲ್ಲಿದ್ದ ದಿನಗಳು

ಗೋಡೆಯ ಇಂಟರ್ನೆಟ್ ಪೆಟ್ಟಿಗೆ ನಾನು ಚಿಮುಕಿಸಿದ ನೀರಿನಿಂದ ಕೆಡಲಿಲ್ಲ. ಅದು ಕೆಟ್ಟೇ ಇರಲಿಲ್ಲ. ಮನೆಗಳಿಗೆ ಇಂಟರ್ನೆಟ್ ಕೊಡುವ ಕಂಪನಿಯವರು ರುಮೇನಿಯಾ ಎಂಬ ದೇಶದವರು ಬಳಸಿ ಬಿಟ್ಟ ಒಂದಿಷ್ಟು ನಂಬರುಗಳನ್ನು ಕೊಂಡುಕೊಂಡು, ಅವುಗಳಲ್ಲೊಂದನ್ನು ನಮ್ಮ ಮನೆಯ ಲೈನಿಗೆ ಹಚ್ಚಿದ್ದರು. ಆ ನಂಬರು ನೋಡಿಯೇ ಬೇರೆಯವರ ಕಂಪ್ಯೂಟರುಗಳು ನೀವು ಯಾವ ದೇಶದಿಂದ ಬಂದಿರಿ ಎಂದು ಗುರುತು ಹಿಡಿಯುತ್ತವಂತೆ. ಹಾಗಾಗಿ ಯಲಬುರ್ಗಾದ ನಮ್ಮ ಮನೆ ಅವುಗಳ ಪಾಲಿಗೆ ರುಮೇನಿಯಾದಲ್ಲಿತ್ತು. ನಡೆದದ್ದು ಇಷ್ಟೇ. ಸೊಸೆಯ ಕೆಲಸ ಕೈಬಿಟ್ಟು ಹೋಗುವ ಮಟ್ಟಕ್ಕೆ ಬಂದದ್ದು ಮಾತ್ರ ನಂಬರಿನಿಂದಲ್ಲ, ನಾನು ಬಚ್ಚಲುಮನೆಯಲ್ಲಿ ಅಡಗಿ ಕುಳಿತದ್ದರಿಂದ.

ನಾನು ಓದಿದ್ದು ಎರಡನೇ ಇಯತ್ತೆ. ಅದೂ ಪೂರ್ತಿ ಅಲ್ಲ. ಉಳಿದ ಅಕ್ಷರಗಳನ್ನು ಬಸ್ಸಿನ ಬೋರ್ಡು ಮತ್ತು ಬೀಜದ ಚೀಲ ನೋಡಿ ಕಲಿತೆ. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಕುಷ್ಟಗಿ ಕಡೆಯ ಬೀಜದ ಹೊಲಗಳಿಗೆ ಕೆಲಸಕ್ಕೆ ಹೋಗತೊಡಗಿದೆ. ಹತ್ತಿ ಹೂವಿನ ಕ್ರಾಸಿಂಗ್. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಒಳಗಿನ ಪುಡಿಯ ಕೋಶ ಕೀಳಬೇಕು, ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಕೈ ತಪ್ಪಿದರೆ ಬೀಜ ಬೆರಕೆಯಾಗುತ್ತದೆ. ತಪ್ಪಿದವಳನ್ನು ಮೇಸ್ತ್ರಿ ಎಲ್ಲರ ಎದುರು ಸಾಲಿನ ತುದಿಯಲ್ಲಿ ನಿಲ್ಲಿಸುತ್ತಿದ್ದ. ಅಷ್ಟೂ ವರ್ಷಗಳಲ್ಲಿ ನನ್ನನ್ನು ಒಮ್ಮೆಯೂ ನಿಲ್ಲಿಸಲಿಲ್ಲ. ಈ ಮಾತನ್ನು ಮನೆಯಲ್ಲಿ ಎಷ್ಟು ಸಲ ಆಡಿದ್ದೆನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಮಗ ತಾನೇ ಅದನ್ನು ಹೇಳಿ ಮುಗಿಸುತ್ತಿದ್ದ.

ಮಗನಿಗೆ ಬೀಜದ ಗೋದಾಮಿನಲ್ಲಿ ಕೆಲಸ. ಸೊಸೆ ಕುಕನೂರಿನವಳು, ಡಿಗ್ರಿ ಓದಿದವಳು. ಮದುವೆಯಾದ ಹೊಸತರಲ್ಲಿ ಒಂದು ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಳು. ಬಸುರಾದ ಮೇಲೆ ಬಿಟ್ಟಳು. ಮೊಮ್ಮಗಳು ಹುಟ್ಟಿ ಕೂರುವಂತಾದಾಗ ಸೊಸೆಗೆ ಮನೆಯಲ್ಲೇ ಕೂತು ಮಾಡುವ ಒಂದು ಕೆಲಸ ಸಿಕ್ಕಿತು. ಎಲ್ಲೆಲ್ಲಿಯೋ ಜನ ಮಾತಾಡಿದ್ದನ್ನು ಹಿಡಿದಿಟ್ಟು ಕಳಿಸುತ್ತಾರೆ. ಇವಳು ಕಿವಿಗೆ ಹಾಕಿಕೊಂಡು ಕೇಳಿ, ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಬೇಕು. ಕುಷ್ಟಗಿಯವನ ಮಾತು, ಆಂಧ್ರದಿಂದ ಬಂದು ನೆಲೆಸಿದವರ ಗಂಗಾವತಿಯ ಕ್ಯಾಂಪಿನ ತೆಲುಗು ಬೆರೆತ ಮಾತು, ಎಲ್ಲವೂ ಇವಳಿಗೆ ಬರುತ್ತಿತ್ತು. ಅದಕ್ಕೇ ಇವಳನ್ನು ತೆಗೆದುಕೊಂಡಿದ್ದರು.

ಓಣಿಯಲ್ಲಿ ಇದು ನಗೆಯ ಮಾತಾಯಿತು. ಎದುರು ಮನೆಯವಳು ಒಂದು ದಿನ ಕೇಳಿಯೇಬಿಟ್ಟಳು.

"ಏನಬೇ, ನಿನ್ನ ಸೊಸಿ ಹಗಲೆಲ್ಲಾ ಕಿವ್ಯಾಗ ಪರಗಂಡಸರ ಮಾತು ಹಾಕ್ಕೊಂಡು ಕುಂದರ್ತಾಳಂತ?"

"ನಿನ್ನಂಗ ಕಟ್ಟಿ ಮ್ಯಾಲ ಕುಂತು ಓಣಿ ಮಾತು ಕೇಳೂದ್ಕಿಂತ ಛಲೋ ಬಿಡು" ಎಂದೆ.

ಮಗನಿಗೂ ಆ ಕೆಲಸದ ಮೇಲೆ ಅಷ್ಟೇನೂ ಮನಸ್ಸಿರಲಿಲ್ಲ. ಮಗು ಅತ್ತಾಗಲೆಲ್ಲ "ಇದ್ರ ಸಂಬಂಧ ಅದನ್ನ ಅಳಿಸ್ತೀಯೇನು?" ಎನ್ನುತ್ತಿದ್ದ. ನಾನು ನಡುವೆ ನಿಂತು ಮಗುವನ್ನು ನನ್ನ ಸೊಂಟಕ್ಕೆ ಹಾಕಿಕೊಂಡಿದ್ದರಿಂದ ಆ ಕೆಲಸ ನಡೆದಿತ್ತು. ಸೊಸೆ ಒಮ್ಮೆ ನನ್ನೆದುರು ಹೇಳಿದ್ದಳು, "ಇದೊಂದು ಹೋತಂದ್ರ ನಂಗ ಮತ್ತೊಂದು ಸಿಗಂಗಿಲ್ಲ ಅತ್ತಿ. ಯಲಬುರ್ಗಾದಾಗ ಕೂಸು ಕಟಗೊಂಡು ಮಾಡೂ ಕೆಲಸ ಎಲ್ಲೈತಿ? ಓದಿದ್ದೆಲ್ಲಾ ರೊಟ್ಟಿ ಹಂಚಿನ ಮ್ಯಾಲ ಸುಟ್ಟಂಗ." ಆ ಕೆಲಸಕ್ಕಾಗಿಯೇ ಪಡಸಾಲೆಯ ಗೋಡೆಗೆ ಇಂಟರ್ನೆಟ್ಟಿನ ಪೆಟ್ಟಿಗೆ ಬಂತು. ಫೋನಿನ ನೆಟ್ಟಿನಲ್ಲಿ ಕೆಲಸ ಮಾಡಬಾರದು, ಮನೆಗೆ ತಂತಿಯ ಲೈನೇ ಇರಬೇಕು ಎಂದು ಅವಳ ಕಂಪನಿಯ ಕರಾರು.

ಆ ವರ್ಷದ ಮಹಾನವಮಿ ಬಂತು. ಆಯುಧ ಪೂಜೆಯ ದಿನ ದುಡಿಯುವ ವಸ್ತುವನ್ನು ನೀರು ಕುಂಕುಮ ಇಲ್ಲದೆ ಬಿಡುವುದು ನಮ್ಮಲ್ಲಿಲ್ಲ. ಕುಡಗೋಲು, ಕೊಡಲಿ, ಮಗನ ಮೋಟಾರ್ ಸೈಕಲ್ಲು, ಮಿಕ್ಸರು, ನಾನು ಮೊಗ್ಗು ಬಿಡಿಸುತ್ತಿದ್ದ ಹಳೆಯ ಚಿಮಟ, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟೆ. ನಾನು ಗೋಡೆಯ ಪೆಟ್ಟಿಗೆಯತ್ತ ನೋಡಿದ್ದು ಸೊಸೆಗೆ ಕಂಡಿತು.

"ಅತ್ತಿ, ಪೂಜಿ ಮಾಡ್ರಿ, ಬ್ಯಾಡನ್ನಂಗಿಲ್ಲ. ಆದ್ರ ಅದಕ್ಕ ನೀರು ತಾಕಸಬ್ಯಾಡ್ರಿ. ಕರೆಂಟಿಂದೈತಿ."

"ಮಿಕ್ಸರೂ ಕರೆಂಟಿಂದ. ಅದಕ್ಕೇನಾತು?"

"ಅದು ಬ್ಯಾರೆ, ಇದು ಬ್ಯಾರೆ. ಬರೇ ಕೈ ಮುಗೀರಿ, ಸಾಕು."

ಹೂಂ ಎಂದೆ. ಅವಳು ಮಗುವಿಗೆ ಎರೆಯಲು ಬಚ್ಚಲಿಗೆ ಹೋದಳು. ಮನೆಯಲ್ಲಿ ಎಲ್ಲದಕ್ಕಿಂತ ಹೆಚ್ಚು ದುಡಿಯುವುದು ಆ ಪೆಟ್ಟಿಗೆ. ಅದೊಂದನ್ನೇ ನೀರು ಮುಟ್ಟಿಸದೆ ಬಿಟ್ಟರೆ ಹೇಗೆ ಎಂದುಕೊಂಡು, ತಂಬಿಗೆಯಲ್ಲಿ ಬೆರಳದ್ದಿ ಚಿಮುಕಿಸಿದೆ. ವಿಭೂತಿ ಎಳೆದೆ. ಕುಂಕುಮ ಹಚ್ಚಿದೆ. ಅದರ ಮೈಯಲ್ಲಿ ಸಣ್ಣ ಸಣ್ಣ ಸೀಳುಗಳಿದ್ದವು, ಚೆಂಡು ಹೂವು ಸಿಕ್ಕಿಸಲು ಹೇಳಿ ಮಾಡಿಸಿದಂತಿದ್ದವು. ಸಿಕ್ಕಿಸಿದೆ. ಊದುಬತ್ತಿ ಬೆಳಗಿದೆ. ಅದರ ಹಸಿರು ದೀಪಗಳು ಮಿಣಕ್ ಮಿಣಕ್ ಎನ್ನುತ್ತಲೇ ಇದ್ದವು. ಸೊಸೆ ಹೊರಗೆ ಬರುವಷ್ಟರಲ್ಲಿ ಸೀರೆಯ ಸೆರಗಿನಿಂದ ಎಲ್ಲವನ್ನೂ ಒರೆಸಿ ಹೂವು ತೆಗೆದೆ. ಪೂಜೆ ಪೂಜೆಯೇ ಅಲ್ಲವೇ, ಒರೆಸಿದರೂ ಆದಂತೆಯೇ ಅಂತ ಸಮಾಧಾನ ಮಾಡಿಕೊಂಡೆ.

ಮರುದಿನ ಬನ್ನಿ ಮುಡಿಯುವ ಹಬ್ಬ. ಸೊಸೆಗೆ ರಜೆ. ಅದರ ಮರುದಿನ ಅವಳು ಕೆಲಸಕ್ಕೆ ಕೂತವಳು "ಅತ್ತಿ" ಎಂದು ಕೂಗಿದ ದನಿಗೆ ನನ್ನ ಕೈಯ ಹಿಟ್ಟು ಪರಾತದಲ್ಲೇ ಉಳಿಯಿತು.

"ಕೆಲಸದ ಬಾಗಲಾನ ತೆರಿವಲ್ದು. ನೀವು ಭಾರತದ ಹೊರಗಿನಿಂದ ಬಂದೀರಿ, ಒಳಗ ಬಿಡಂಗಿಲ್ಲ ಅಂತೈತಿ. ರುಮೇನಿಯಾ ಅಂತ ತೋರಸ್ತೈತಿ ನೋಡ್ರಿ!"

"ಅದೆಲ್ಲಿ ಐತಿ? ರಾಯಚೂರಿನ ಆಕಡೆನ?"

"ಸಮುದ್ರ ದಾಟಿ ಐತ್ರಿ."

 ಬೆರಳಿನಿಂದ ಚಿಮುಕಿಸಿದ ಎರಡು ಹನಿ ನೀರು ಮನೆಯನ್ನು ಸಮುದ್ರ ದಾಟಿಸುತ್ತದೆಯೇ ಎಂದು ಕೇಳಲು ಬಾಯಿ ಬರಲಿಲ್ಲ.

ಮಗ ಪೆಟ್ಟಿಗೆಯನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದ. ರುಮೇನಿಯಾ. ತಂತಿ ಕಿತ್ತು, ತುದಿ ಊದಿ, ಮತ್ತೆ ಚುಚ್ಚಿದ. ರುಮೇನಿಯಾ. ಸೊಸೆ ಕಂಪ್ಯೂಟರಿನ ಒಳಗೆ ಉಳಿದುಕೊಂಡಿದ್ದ ಹಳೆಯ ಕಸವನ್ನೆಲ್ಲ ಅಳಿಸಿ ನೋಡಿದಳು. ಅದೇ. ಟಿವಿಯಲ್ಲಿ ಹಾಡು ಹಾಕಿದರೆ, ಈ ಹಾಡು ನಿಮ್ಮ ದೇಶದಲ್ಲಿ ಸಿಗುವುದಿಲ್ಲ ಎಂದಿತು. ಮಧ್ಯೆ ಬಂದ ಸೋಪಿನ ಜಾಹೀರಾತಿನ ಮಾತು ನಮ್ಮ ಯಾರಿಗೂ ತಿಳಿಯಲಿಲ್ಲ. ಬಿಳಿ ಹೆಂಗಸೊಬ್ಬಳು ಬಟ್ಟೆ ಝಾಡಿಸಿ ನಗುತ್ತಿದ್ದಳು.

"ನಿಮ್ಮವ್ವ ಪಾಸ್‌ಪೋರ್ಟ್ ಇಲ್ದ ಫಾರಿನ್ನಿಗೆ ಬಂದಾರ ನೋಡ್ರಿ" ಎಂದು ಸೊಸೆ ಮಗನಿಗೆ ಹೇಳಿ ನಕ್ಕಳು. ಆಗಿನ್ನೂ ಅವಳಿಗೆ ನಗು ಇತ್ತು. ನನಗೆ ಬರಲಿಲ್ಲ.

ಕೊನೆಗೆ ಅವಳು ಪೆಟ್ಟಿಗೆ ಬಿಟ್ಟು ಫೋನಿನ ನೆಟ್ಟಿನಿಂದ ನೋಡಿದಳು. ಫೋನು ಭಾರತ ಎಂದಿತು. ಅದೇ ಮನೆ, ಅದೇ ಕುರ್ಚಿ.

"ಹಂಗಂದ್ರ ಕಂಪ್ಯೂಟರಿಂದಲ್ಲ. ಪೆಟಿಗಿದ ಐತಿ ತಪ್ಪು. ಅದರಾಗ ಏನೋ ಹೊಕ್ಕೈತಿ" ಎಂದ ಮಗ.

ಅವರು ಮಾಡಿದ ಒಂದೊಂದು ಪರೀಕ್ಷೆಯೂ ನನ್ನ ಕಡೆಗೇ ಬೆರಳು ತೋರಿಸುತ್ತಿತ್ತು. ಏನು ಹೊಕ್ಕಿದೆ ಎಂಬುದು ನನಗೆ ಗೊತ್ತಿತ್ತಲ್ಲ. ಆಗಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಬೈದು ನಗುತ್ತಿದ್ದರು, ಅಷ್ಟೇ. ಆದರೆ ಓದಿದ ಸೊಸೆ ಬೇಡ ಎಂದಿದ್ದನ್ನು ಹೂಂ ಎಂದು ಒಪ್ಪಿ, ಅವಳ ಬೆನ್ನ ಹಿಂದೆ ಮಾಡಿದ್ದೆ. ಹಳ್ಳಿ ಮುದುಕಿ ಮಾಡುವುದನ್ನೇ ಮಾಡಿದಳು ಎಂದು ಅವರ ಮುಖದಲ್ಲಿ ಕಾಣುವುದು ನನಗೆ ಬೇಡವಾಗಿತ್ತು. ಹಿತ್ತಿಲಿಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕತೊಡಗಿದೆ. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದೆ.

ಮಧ್ಯಾಹ್ನ ಕಂಪನಿಯಲ್ಲಿ ಸೊಸೆಯ ಕೆಲಸ ನೋಡಿಕೊಳ್ಳುವ ಮೇಡಂ ಫೋನು ಮಾಡಿದರು. ಮೈಸೂರು ಕಡೆಯ ಮಾತು. ಸೊಸೆ ಫೋನನ್ನು ಜೋರಾಗಿ ಇಟ್ಟಿದ್ದರಿಂದ ನನಗೂ ಕೇಳಿಸುತ್ತಿತ್ತು.

"ಜನ ನಂಬಿ ಕೊಟ್ಟಿರೋ ದನಿಗಳಮ್ಮ ಇವು. ದೇಶದಿಂದ ಆಚೆ ಹೋಗಬಾರದು ಅಂತ ನಿಮಗೆ ಮೊದಲೇ ಹೇಳಿದೀವಿ. ನೀವು ನಿಮ್ಮ ಪಾಸ್‌ವರ್ಡು ಬೇರೆ ಯಾರಿಗೋ ಕೊಟ್ಟು ಕೆಲಸ ಮಾಡಿಸ್ತಿದೀರಾ?"

"ಇಲ್ರಿ ಮೇಡಮ್ಮಾರ. ನಾ ಯಲಬುರ್ಗಾದಾಗ ನಮ್ಮ ಮನ್ಯಾಗ ಕುಂತೀನ್ರಿ."

"ಹಾಗಾದ್ರೆ ವೀಡಿಯೋದಲ್ಲಿ ತೋರಿಸಿ. ಮನೆ ತೋರಿಸಿ. ಮನೇಲಿ ದೊಡ್ಡವರು ಯಾರಾದ್ರೂ ಇದ್ರೆ ಅವರ ಹತ್ತಿರ ಒಂದು ಮಾತಾಡ್ತೀನಿ."

ಮಗ ಗೋದಾಮಿಗೆ ಹೋಗಿದ್ದ. ಮನೆಯಲ್ಲಿದ್ದ ದೊಡ್ಡವಳು ನಾನೊಬ್ಬಳೇ. ಸೊಸೆ ವೀಡಿಯೋ ಹಚ್ಚಿ ಪಡಸಾಲೆ ತೋರಿಸಿದಳು, ಕೆಲಸದ ಮೇಜು ತೋರಿಸಿದಳು, ಪೆಟ್ಟಿಗೆ ತೋರಿಸಿದಳು. ಆಮೇಲೆ ಕೂಗಿದಳು.

"ಅತ್ತಿ, ಒಂಚೂರು ಬರ್ರಿ. ಮೇಡಮ್ಮಾರು ಮಾತಾಡ್ತಾರಂತ."

ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ. ಆ ಮೇಡಂ, ಪೆಟ್ಟಿಗೆಗೆ ಏನು ಮಾಡಿದಿರಿ ಎಂದು ನನ್ನನ್ನೇ ಕೇಳುತ್ತಾರೆ ಎನ್ನಿಸಿತು. ಕೇಳಿದರೆ ಸುಳ್ಳು ಹೇಳಲು ನನಗೆ ಬಾರದು, ನಿಜ ಹೇಳಲು ಮುಖವಿಲ್ಲ. ತಿರುಗಿದೆ. ಬಚ್ಚಲುಮನೆಗೆ ಹೋಗಿ ಬಾಗಿಲು ಎಳೆದುಕೊಂಡು ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತೆ.

"ಅಲ್ಲಿ ಯಾರೋ ಇದ್ರಲ್ಲ? ನಾನು ನೋಡಿದೆ. ಯಾಕೆ ಓಡಿ ಹೋದ್ರು?" ಎಂದು ಆ ಮೇಡಂ ಕೇಳಿದ್ದು ಬಾಗಿಲಿನ ಈಚೆಗೂ ಕೇಳಿಸಿತು.

"ನಮ್ಮ ಅತ್ತಿರಿ ಅವರು. ಅತ್ತೀ… ಅತ್ತೀ, ಬರ್ರಿ!"

ಬಾಗಿಲು ತಟ್ಟಿದಳು. ನಾನು ಹೊಲದಲ್ಲಿ ಅಷ್ಟು ವರ್ಷ ಗಂಡಸರ ಮುಂದೆ ನೆಟ್ಟಗೆ ನಿಂತು ಮಾತಾಡಿದವಳು, ಕಾಣದ ಊರಿನ ಹೆಂಗಸಿನ ದನಿಗೆ ಹೆದರಿ ಹಂಡೆಯ ಮರೆಯಲ್ಲಿದ್ದೆ.

"ಸ್ನಾನಕ್ಕ ಹೋಗ್ಯಾರ ಅನಸ್ತೈತ್ರಿ" ಎಂದಳು ಸೊಸೆ. ಸುಳ್ಳು ಹೇಳುವುದು ಅವಳಿಗೂ ಬಾರದು. 

"ನೋಡಿ, ಇದು ನನಗೆ ಸರಿ ಕಾಣ್ತಿಲ್ಲ. ನೀವು ಏನೋ ಮುಚ್ಚಿಡ್ತಿದೀರಿ. ನಾನು ಮೇಲಿನವರಿಗೆ ಕೇಳಿ ಎರಡು ದಿನದಲ್ಲಿ ಹೇಳ್ತೀನಿ. ಅಲ್ಲೀವರೆಗೆ ನಿಮ್ಮ ಕೆಲಸ ನಿಲ್ಲಿಸಿರ್ತೀವಿ."

ಫೋನು ಕಟ್ಟಾಯಿತು. ನಾನು ಹೊರಗೆ ಬಂದಾಗ ಸೊಸೆ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಆ ದಿನ ರೊಟ್ಟಿ ನಾನೇ ಬಡಿದೆ, ತಿನ್ನಲು ಯಾರಿಗೂ ಸೇರಲಿಲ್ಲ. ಮಗ ಬಂದವನು ವಿಷಯ ತಿಳಿದು "ಹೋದ್ರ ಹೋಗಲಿ ಬಿಡು, ಕೂಸನ್ನರ ನೋಡ್ಕೋ" ಎಂದ. ಅವಳು ಕಿವಿಗೆ ಹಾಕಿಕೊಳ್ಳುವ ಆ ಸಾಮಾನನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಅವಳು ಸುತ್ತಿದ ರೀತಿ ನನಗೆ ನೋಡಲಾಗಲಿಲ್ಲ.

ಮರುದಿನ ಲೈನ್‌ಮನ್ ಬಂದ. ಇಂಟರ್ನೆಟ್ ಕಂಪನಿಯವನು, ಬಾಯಿ ಜೋರಿನ ಮನುಷ್ಯ, ಮೆಟ್ಟಿಲು ಹತ್ತುವಾಗಲೇ ನಗುತ್ತ ಬಂದ. ಪೆಟ್ಟಿಗೆ ಇಳಿಸಿ ತಿರುಪು ಬಿಚ್ಚಿದ. ಬಿಚ್ಚಿದ್ದೇ ತಡ ಕೂಗಿದ.

"ಅಲ್ರೀ ಅಮ್ಮಾರ, ಇದರಾಗ ಕುಂಕುಮ ಐತಲ್ರಿ! ಚೆಂಡು ಹೂವಿನ ಎಸಳು ಬ್ಯಾರೆ. ಇದೇನು ಟ್ರ್ಯಾಕ್ಟರ್ ಅಂತ ತಿಳದ್ರೇನು? ಟೆಂಗಿನಕಾಯಿ ಒಡೀಲಿಲ್ಲ, ಪುಣ್ಯಾ!"

ಸೊಸೆ ನನ್ನತ್ತ ತಿರುಗಿದಳು. ನಾನು ನೆಲ ನೋಡಿದೆ. ಒರೆಸಿದ್ದು ಮೇಲಿನದು ಮಾತ್ರ, ಒಳಗೆ ಉದುರಿದ್ದು ಹಾಗೇ ಇತ್ತು. ಕಾಲಡಿಯ ನೆಲ ಬಿರಿಯಲಿ ಎನ್ನುತ್ತಾರಲ್ಲ, ಹಾಗೆಲ್ಲ ಬಿರಿಯುವುದಿಲ್ಲ. ನಿಂತೇ ಇರಬೇಕಾಗುತ್ತದೆ.

"ಅದರಿಂದನ ಕೆಟ್ಟೈತೇನ್ರಿ?" ಎಂದು ಸೊಸೆ ಕೇಳಿದಳು.

"ನೋಡೂಣಂತ ತಡೀರಿ" ಎಂದು ಅವನು ತನ್ನ ಚೀಲದಿಂದ ಹೊಸ ಪೆಟ್ಟಿಗೆ ತೆಗೆದು ಹಚ್ಚಿದ. ದೀಪಗಳು ಬಂದವು. ಸೊಸೆ ನೋಡಿದಳು.

"ರುಮೇನಿಯಾನ ಐತ್ರಿ."

ಆಗ ಅವನು ತಲೆ ಕೆರೆದುಕೊಂಡು ತನ್ನ ಆಫೀಸಿಗೆ ಫೋನು ಹಚ್ಚಿದ. ಬಹಳ ಹೊತ್ತು ಹೌದು ಹೌದು ಎಂದ. ಇಟ್ಟ ಮೇಲೆ ನಮಗೆ ಹೇಳಿದ. ಗಿರಾಕಿ ಹೆಚ್ಚಾಗಿ ನಂಬರು ಸಾಲದೆ ಅವರ ಕಂಪನಿ ಹೊರದೇಶದ ಹಳೆಯ ನಂಬರು ಕೊಂಡಿತ್ತು. ಹಬ್ಬದ ರಜೆಯಲ್ಲಿ ನಮ್ಮ ಓಣಿಯ ಲೈನನ್ನೆಲ್ಲ ಆ ನಂಬರಿಗೆ ಬದಲಿಸಿತ್ತು. ಈ ನಂಬರು ಈಗ ಭಾರತದ್ದು ಎಂದು ಎಲ್ಲ ಕಡೆ ತಿದ್ದಿಸಲು ಇನ್ನೂ ವಾರಗಟ್ಟಲೆ ಬೇಕು.

"ಅಲ್ಲೀತನಾ ನಿಮಗ ಹಳೇ ನಂಬರಾನ ಹಾಕಸ್ತೀನಿ ತಗೋರಿ. ಈ ಓಣ್ಯಾಗಿನ ಟಿವಿ ಎಲ್ಲಾ ಹಂಗ ಆಗ್ಯಾವು, ಯಾರಿಗೂ ತಿಳಿದಿಲ್ಲ ಅಷ್ಟ. ಎಲ್ಲಾರೂ ಬಿಳೇ ಮಂದಿ ಸೋಪು ನೋಡ್ಕೋಂತ ಕುಂತಾರ."

"ಮತ್ತ ನೀರು?" ಎಂದೆ. ಆ ದಿನ ನಾನಾಡಿದ ಮೊದಲ ಮಾತು.

"ಎಷ್ಟು ನೀರು? ಬೆರಳಿಂದೇನು? ಅದಕ್ಕೇನೂ ಆಗಂಗಿಲ್ಲಬೇ. ಅಭ್ಯಂಜನ ಮಾತ್ರ ಮಾಡಸಬ್ಯಾಡ ಮತ್ತ."

ಸ್ವಲ್ಪ ಹೊತ್ತಿನಲ್ಲಿ ನಮ್ಮ ಮನೆ ಭಾರತಕ್ಕೆ ಬಂತು. ಅವನು ನಗುತ್ತಲೇ ಹೋದ. ನನ್ನ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಇಳಿಯಲಿಲ್ಲ. ಸೊಸೆ ಮೇಡಂಗೆ ಫೋನು ಮಾಡಿ, ನಂಬರಿನ ತಪ್ಪು ಸಿಕ್ಕಿದೆ, ಸರಿಯಾಗಿದೆ ಎಂದು ಹೇಳಿದಳು. ಅವರು ಕೇಳಿದ್ದು ಬೇರೆಯೇ.

"ನಂಬರು ಸರಿ ಹೋಯ್ತು, ಸಂತೋಷ. ಆದರೆ ನಿನ್ನೆ ಮಾತಾಡಿ ಅಂದಾಗ ನಿಮ್ಮ ಮನೇಲಿದ್ದವರು ಅಡಗಿಕೊಂಡ್ರಲ್ಲ, ಅದು ಯಾಕೆ? ಮೇಲಿನವರಿಗೆ ನಾನು ಏನಂತ ಹೇಳಲಿ? ನಾಳೆ ಅವರು ಬೇರೆಯವರಿಗೆ ಈ ಕೆಲಸ ಕೊಡ್ತಾರೆ."

ಸೊಸೆ ಫೋನು ಇಟ್ಟಳು. ನನ್ನ ಎದುರು ಬಂದು ನಿಂತಳು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದು ಅದೇ ಮೊದಲು.

"ನೀರಿಗೆ ನಾ ಏನೂ ಅನ್ನಂಗಿಲ್ಲ ಅತ್ತಿ. ನೀವು ಪೂಜಿ ಮಾಡಿದ್ದು ನನ್ನ ಕೆಲಸಕ್ಕ ಛಲೋ ಆಗ್ಲೆಂತ. ಅದು ನಂಗ ಗೊತ್ತೈತಿ. ಆದ್ರ ಕರದಾಗ ಯಾಕ ಬರಲಿಲ್ಲ?"

ಉತ್ತರ ನನ್ನ ಹತ್ತಿರ ಇತ್ತು. ನಾಚಿಕೆಯಾಯಿತು, ಅದಕ್ಕೆ ಬರಲಿಲ್ಲ. ಇಷ್ಟೇ. ಆದರೆ ಅದನ್ನು ಹೇಳಲೂ ನಾಚಿಕೆಯಾಯಿತು. ಅವಳು ಒಳಗೆ ಹೋದಳು.

ಸಂಜೆ ದೀಪ ಹಚ್ಚಿದ ಮೇಲೂ ಅದೇ ಪ್ರಶ್ನೆ ಪಡಸಾಲೆಯಲ್ಲಿ ನಿಂತಿತ್ತು. ಯಾವ ಮೇಸ್ತ್ರಿಯೂ ನನ್ನನ್ನು ಎಂದೂ ನಿಲ್ಲಿಸಲಿಲ್ಲ ಎಂದು ಹೇಳಿಕೊಂಡು ತಿರುಗಿದ್ದೆನಲ್ಲ, ಆ ಹೆಮ್ಮೆಯೇ ನನ್ನನ್ನು ಬಚ್ಚಲಿಗೆ ದೂಡಿದ್ದು. ತಪ್ಪು ಮಾಡಿ ಸಾಲಿನ ತುದಿಯಲ್ಲಿ ನಿಂತ ಹೆಂಗಸರು ಮರುದಿನ ಮತ್ತೆ ಕೆಲಸಕ್ಕೆ ಬರುತ್ತಿದ್ದರು. ನಿಲ್ಲುವುದನ್ನು ಅವರು ಕಲಿತಿದ್ದರು, ನಾನು ಕಲಿತಿರಲಿಲ್ಲ. ನನ್ನ ಮುಖ ಉಳಿಯಲೆಂದು ಆ ಹುಡುಗಿಯ ಮುಖಕ್ಕೆ ಮಸಿ ಬಳಿದಿದ್ದೆ. ಇದಕ್ಕೆ ಬೇರೆ ಹೆಸರಿಲ್ಲ.

ಮರುದಿನ ಬೆಳಿಗ್ಗೆ ಎರೆದುಕೊಂಡು ಒಗೆದ ಸೀರೆ ಉಟ್ಟೆ. ಸೊಸೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲ ಹತ್ತಿರ ಕೂತಿದ್ದಳು.

"ಆ ಮೇಡಮ್ಮಗ ಹಚ್ಚು ಫೋನು. ಮಾರಿ ಕಾಣೂ ಹಂಗ ಹಚ್ಚು" ಎಂದೆ.

"ಏನಂತೀರಿ ಅವರಿಗೆ?"

"ಇದ್ದದ್ದು ಅಂತೀನಿ. ನೀ ಹಚ್ಚು."

ಹಚ್ಚಿಕೊಟ್ಟಳು. ಫೋನಿನಲ್ಲಿ ಕನ್ನಡಕದ ಹೆಂಗಸೊಬ್ಬರು ಕಂಡರು, ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕವರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದೆ.

"ಮೊನ್ನಿ ಅಡಗಿದಾಕಿ ನಾನರೀ. ಇಕಿ ಅತ್ತಿ. ಪೆಟಿಗಿಗೆ ನೀರು ಹಾಕಿ ಪೂಜಿ ಮಾಡಿದ್ದೆ, ಇಕಿ ಬ್ಯಾಡ ಅಂದಿದ್ದಳು. ನನ್ನಿಂದನ ಕೆಟ್ಟೈತಿ ಅಂತ ನಾಚಿಕಿ ಬಂದು ಬಚ್ಚಲದಾಗ ಕುಂತಿದ್ದೆ. ಇಕೀದೇನೂ ತಪ್ಪಿಲ್ಲ. ಏನು ಅನ್ನೂದೈತಿ, ನಂಗ ಅನ್ರಿ."

ಅವರು ನಗಲಿಲ್ಲ. 

"ಇದು ಯಲಬುರ್ಗಾನೇ ಅಂತ ನಾನು ಹೇಗೆ ನಂಬಲಿ ಅಮ್ಮ?"

"ಬರ್ರಿ, ತೋರಸ್ತೀನಿ" ಎಂದು ಫೋನು ಹಿಡಿದುಕೊಂಡೇ ಬೀದಿಗಿಳಿದೆ. ಸೊಸೆ ಹಿಂದಿನಿಂದ "ಅತ್ತಿ, ಎಲ್ಲಿಗೆ ಹೊಂಟ್ರಿ?" ಎಂದಳು. ನಿಲ್ಲಲಿಲ್ಲ. ಓಣಿಯ ತುದಿಯ ಹಿಟ್ಟಿನ ಗಿರಣಿಯಲ್ಲಿ ಜೋಳ ಹಾಕಿಸಲು ಹೆಂಗಸರು ಸಾಲಾಗಿ ನಿಂತಿದ್ದರು. ಅವರ ಮುಂದೆ ಫೋನು ಎತ್ತಿ ಹಿಡಿದೆ.

"ಇದ್ಯಾವೂರು ಅಂತ ಈ ಮೇಡಮ್ಮಗ ಹೇಳ್ರೆ."

"ಯಾಕಬೇ, ತಲಿ ಕೆಟ್ಟೈತೇನು? ಯಲಬುರ್ಗಾ ಅಲ್ಲೇನು?" ಎಂದಳು ಒಬ್ಬಳು. ಏನಾಯಿತು ಎಂದು ಮತ್ತೊಬ್ಬಳು ಕೇಳಿದಳು. ಗಿರಣಿಯ ಸದ್ದಿನ ಮೇಲೆ ಗಂಟಲು ಏರಿಸಿ, ಪೂಜೆಯಿಂದ ಹಿಡಿದು ಬಚ್ಚಲಿನವರೆಗೆ ಎಲ್ಲವನ್ನೂ ಅಲ್ಲೇ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗು ನಿಲ್ಲುವ ತನಕ ನಿಂತೆ.

"ಸಾಕಮ್ಮ, ಸಾಕು" ಎಂದರು ಫೋನಿನಲ್ಲಿದ್ದವರು. "ಮೇಲಿನವರಿಗೆ ನಾನು ಹೇಳ್ತೀನಿ. ಇವತ್ತೇ ಅವರ ಕೆಲಸ ಮತ್ತೆ ಶುರು ಮಾಡಿಸ್ತೀನಿ. ಫೋನು ನಿಮ್ಮ ಸೊಸೆಗೆ ಕೊಡಿ."

ಮನೆಗೆ ಬಂದು ಫೋನನ್ನು ಸೊಸೆಯ ಕೈಗೆ ಕೊಟ್ಟೆ. ಅವಳ ತೊಡೆಯ ಮೇಲಿದ್ದ ಮಗುವನ್ನು ಎತ್ತಿ ನನ್ನ ಸೊಂಟಕ್ಕೆ ಹಾಕಿಕೊಂಡು ಹಿತ್ತಿಲಿಗೆ ಹೋದೆ.